ಸಿಂಪಲ್ ಅಲ್ಲದ ಏಟು

ಮೂಗೂರು ದಾಟಿ ಮುಂದೆ ಸಿಗುವ ಸಣ್ಣ ಹಳ್ಳಿಯೊಂದರ ಮಂಚಮ್ಮನಿಗೆ ಓದು ಬರಹ ಬಾರದು. ಆಕೆಯ ಬಾಯಲ್ಲಿ ಓಡಾಡುವ ಇಂಗ್ಲಿಷ್ ಮಾತುಗಳೆಂದರೆ ಬಸ್ಸು, ಲೈಟು, ಶೆಡ್ಡು, ಡ್ಯೂಟಿ ಇಂಥವು. ಇವುಗಳ ಜೊತೆಗೆ, ಆ ಬೀದಿಯ ಬೇರೆ ಯಾವ ಹೆಂಗಸಿಗೂ ಬೇಕಾಗದ ಇನ್ನೊಂದು ಮಾತು ಆಕೆಗೆ ಗೊತ್ತು. ಹರ್ಟ್. ಅದರಲ್ಲಿ ಎರಡು ಬಗೆ ಇದೆ ಎಂದೂ ಗೊತ್ತು. ಒಂದು ಸಿಂಪಲ್, ಇನ್ನೊಂದು ಗ್ರೀವಿಯಸ್. ಸಿಂಪಲ್ ಆದರೆ ಹೊಡೆದವರು, ಹೊಡೆಸಿಕೊಂಡವರು ಇಬ್ಬರೂ ಕೋರ್ಟಿನಲ್ಲಿ ನಿಂತು ರಾಜಿಯಾಗುತ್ತೇವೆ ಎನ್ನಬಹುದು. ಗ್ರೀವಿಯಸ್ ಆಗಿದ್ದು, ಅದೂ ಮಚ್ಚಿನಂಥ ಆಯುಧದಿಂದ ಆದದ್ದಾದರೆ, ಏಟು ತಿಂದವರೇ ಕೈಮುಗಿದು ಬೇಡ ಎಂದರೂ ಕಾನೂನು ಬಿಡುವುದಿಲ್ಲ.

ಆ ಮಾತು ಆಕೆಯ ಬದುಕಿಗೆ ಬಂದದ್ದು 1996ರ ಬೇಸಿಗೆಯಲ್ಲಿ, ಒಂದು ಬಾಗಿಲಿನ ದೆಸೆಯಿಂದ.

ಮನೆ ಅಣ್ಣತಮ್ಮಂದಿರದು. ತಮ್ಮ ಚೆಲುವಯ್ಯ, ಮಂಚಮ್ಮನ ಗಂಡ. ಅಣ್ಣ ಸತ್ತು ಬಹಳ ಕಾಲವಾಗಿತ್ತು. ಅಣ್ಣನ ಹೆಂಡತಿ ಗಂಡ ಸತ್ತ ಮಾರನೆಯ ವರ್ಷ ಬೇರೊಬ್ಬನ ಜೊತೆ ಹೊರಟುಹೋಗಿದ್ದಳು. ಅವಳು ಬಿಟ್ಟುಹೋದ ಮಗು ಮಹೇಂದ್ರ. ಅವನಿಗೆ ಆಗ ನಡೆಯಲು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಮಂಚಮ್ಮ ಮದುವೆಯಾಗಿ ಆ ಮನೆಗೆ ಬಂದು ಇನ್ನೂ ಹೊಸತು. ತನ್ನ ಮಗಳು ಆಶಾರಾಣಿ ಹುಟ್ಟುವ ಎಷ್ಟೋ ಮೊದಲು ಆಕೆಯ ಸೊಂಟದ ಮೇಲೆ ಕೂತಿದ್ದವನು ಈ ಹುಡುಗ. ಅವನು ಆಡಿದ ಮೊದಲ ಮಾತೇ ‘ಚಿಕ್ಕವ್ವ’ ಎಂದು ಬೀದಿಯವರು ಹೇಳುವುದುಂಟು. ಮಂಚಮ್ಮ ಮಾತ್ರ, "ಸುಳ್ಳು, ಮೊದ್ಲು ಅಂದಿದ್ದು ಬುವ್ವ ಅಂತ" ಎಂದು ನಗುತ್ತಿದ್ದಳು.

ಮಹೇಂದ್ರ ಟಿ. ನರಸೀಪುರದ ಹಾಸ್ಟೆಲಿನಲ್ಲಿದ್ದು ಓದಿದ, ಮೈಸೂರಿನಲ್ಲಿ ಬಿ.ಎ. ಮುಗಿಸಿದ. ಸರ್ಕಾರಿ ಬಸ್ಸಿನ ಕಂಡಕ್ಟರ್ ಕೆಲಸಕ್ಕೆ ಹೆಸರು ಬಂದಿತ್ತು, ಆದೇಶ ಬರುವುದು ಬಾಕಿ. ಮದುವೆಯೂ ಗೊತ್ತಾಗಿತ್ತು. ಹೊಸ ಹೆಣ್ಣು ಬಂದು ಚಿಕ್ಕಪ್ಪನ ಅಡುಗೆಮನೆ ಹಾದೇ ಒಳಗೆ ಹೋಗಬೇಕಾಗುತ್ತದೆಂದು ಅವನು ತನ್ನ ಅಪ್ಪನ ಭಾಗದ ಗೋಡೆ ಒಡೆಸಿ ಒಂದು ಬಾಗಿಲು ಇಡಿಸಲು ಹೊರಟ. ಆ ಗೋಡೆ ಇದ್ದದ್ದು ತೆಂಕಣ ದಿಕ್ಕಿಗೆ. ಅದು ಯಮನ ದಿಕ್ಕು. ಅಣ್ಣನ ಸಾವಿಗೂ ಯಾವುದೋ ತೆಂಕಣ ಕಿಂಡಿಯೇ ಕಾರಣವೆಂದು ನಂಬಿದ್ದ ಚೆಲುವಯ್ಯ ಗದ್ದೆಯಿಂದ ಬಂದು ನೋಡುವಾಗ ಗೋಡೆಯಲ್ಲಿ ಆಳೆತ್ತರದ ತೂತು, ಪಕ್ಕದಲ್ಲಿ ಹೊಸ ಚೌಕಟ್ಟು. ಮಹೇಂದ್ರ ಅಂಗಳದಲ್ಲಿ ಚಪ್ಪರಕ್ಕೆ ತೆಂಗಿನ ಗರಿ ಸವರುತ್ತಿದ್ದ. ಕೈಯಲ್ಲಿ ಮಚ್ಚಿತ್ತು.

"ಯಾರನ್ ಕೇಳಿ ಗ್ವಾಡೆ ಒಡುಸ್ದೆಲಾ?" ಎಂದ ಚೆಲುವಯ್ಯ.

"ನಮ್ಮಪ್ಪನ ಪಾಲಿನ ಗ್ವಾಡೆ ಚಿಕ್ಕಪ್ಪ. ಯಾರನ್ ಕೇಳ್ಬೇಕು?"

"ತೆಂಕ್ಲು ಬಾಕ್ಲು ಮಡುಗ್ತಾನಂತೆ ತೆಂಕ್ಲು ಬಾಕ್ಲ! ಈ ಮನೇಲಿ ಒಂದು ಹೆಣ ಎತ್ತಿದ್ದು ಸಾಲ್ದಾ?"

"ಯಮಂಗೆ ನಮ್ಮನೆ ಅಡ್ರೆಸ್ ಗೊತ್ತಿಲ್ವಾ? ಬಾಕ್ಲು ನೋಡ್ಕಂಡೇ ಬತ್ತಾನಾ?"

ಚಪ್ಪರಕ್ಕೆ ಬಂದಿದ್ದವರು ನಕ್ಕರು. ಮಹೇಂದ್ರನೂ ನಕ್ಕ. ಆ ನಗು ಅಲ್ಲಿಗೇ ಮುಗಿದಿದ್ದರೆ ಆಗುತ್ತಿತ್ತು. ಚೆಲುವಯ್ಯ ಚೌಕಟ್ಟನ್ನು ಒದ್ದು ಕೆಡವಿದ. ಆಮೇಲೆ, ಇಪ್ಪತ್ತು ವರ್ಷ ಆ ಮನೆಯಲ್ಲಿ ಯಾರೂ ಆಡದೆ ಇದ್ದ ಮಾತನ್ನು ಆಡಿದ.

"ನಿಮ್ಮವ್ವ ಇರೋ ಬಾಕ್ಲಲ್ಲೇ ಓಡೋಗ್ನಿಲ್ವಾ? ನಿಂಗ್ಯಾಕ್ಲಾ ಇನ್ನೊಂದು?"

ಮಂಚಮ್ಮ ಅದೇ ಹೊತ್ತಿಗೆ ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಿಂದ ಬಂದಿದ್ದಳು. ಬೆಳಗಿನಿಂದ ಬಿಸಿನೀರಿನಲ್ಲಿ ಗೂಡಾಡಿಸಿ ಬೆರಳ ತುದಿಗಳು ಇನ್ನೂ ಸುಕ್ಕಾಗಿದ್ದವು. ಗಂಡನ ಮಾತು ಕಿವಿಗೆ ಬಿತ್ತು, ಮಹೇಂದ್ರನ ಮುಖ ಕಣ್ಣಿಗೆ ಬಿತ್ತು. ಮಚ್ಚು ಮೇಲೇಳುವ ಮೊದಲೇ ಅದು ಏಳುತ್ತದೆಂದು ಆಕೆಗೆ ತಿಳಿಯಿತು. ಓಡಿಬಂದು ಇಬ್ಬರ ನಡುವೆ ನಿಂತು, ಬೇಡ ಎನ್ನುವಂತೆ ಬಲಗೈ ಎತ್ತಿದಳು. ಏಟು ಬಿದ್ದದ್ದು ಅಂಗೈಗೆ ಅಡ್ಡಲಾಗಿ.

ಮೊದಲ ಕ್ಷಣ ನೋವೇ ಗೊತ್ತಾಗಲಿಲ್ಲವಂತೆ. ಮಹೇಂದ್ರನ ಬಾಯಿಂದ ‘ಅವ್ವಾ’ ಎಂಬ ಕೂಗು ಬಂದದ್ದು ಮಾತ್ರ ನೆನಪು. ಅವನು ಯಾವಾಗಲೂ ಚಿಕ್ಕವ್ವ ಎನ್ನುತ್ತಿದ್ದವನು. ಹೆಗಲ ಮೇಲಿನ ಟವಲು ತೆಗೆದು ಕೈಗೆ ಸುತ್ತಿದವನೂ ಅವನೇ, ಪಕ್ಕದ ಬೀದಿಯಿಂದ ಟೆಂಪೋ ಕರೆತಂದವನೂ ಅವನೇ. ನರಸೀಪುರದ ತನಕ ಆಕೆಯ ತಲೆ ಅವನ ತೊಡೆಯ ಮೇಲಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಟವಲು ಬಿಚ್ಚಿ ನೋಡಿ, "ಇದು ಹೇಗಾಯ್ತಮ್ಮ?" ಎಂದು ಕೇಳಿದರು.

"ನಮ್ ಬಾವನ ಮಗ ಒಡುದ ಕಣವ್ವ, ಮಚ್ಚಲ್ಲಿ" ಎಂದಳು ಮಂಚಮ್ಮ. ಯಾರ ಮೇಲೂ ದೂರು ಹೇಳುತ್ತಿದ್ದೇನೆ ಎಂಬ ಎಣಿಕೆ ಆಕೆಗಿರಲಿಲ್ಲ. ಕೇಳಿದರು, ಹೇಳಿದಳು. ಡಾಕ್ಟರಮ್ಮ ಪೊಲೀಸರಿಗೆ ತಿಳಿಸಿದರು. ಅದು ಅವರ ಕೆಲಸ. ಆಸ್ಪತ್ರೆಯ ಬಾಗಿಲಲ್ಲಿ ರಕ್ತದ ಅಂಗಿಯಲ್ಲೇ ಕೂತಿದ್ದ ಮಹೇಂದ್ರನನ್ನು ಕಾನ್‌ಸ್ಟೇಬಲ್ ಎಬ್ಬಿಸಿಕೊಂಡು ಹೋದ.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ಆಯಿತು. ಅಂಗೈಯ ಎರಡು ಮೂಳೆ ಮುರಿದಿದ್ದವು, ಬೆರಳು ಮಡಿಸುವ ನರಗಳು ಕತ್ತರಿಸಿಹೋಗಿದ್ದವು. ಹೊಲಿದು ಪಟ್ಟಿ ಹಾಕಿದರು. ಮೂಳೆಗಳು ಹೇಗೋ ಕೂಡಿಕೊಂಡವು. ಹೆಬ್ಬೆರಳೊಂದು ಬಿಟ್ಟು ಉಳಿದ ನಾಲ್ಕು ಮತ್ತೆ ಮಡಚಿಕೊಳ್ಳಲಿಲ್ಲ. ಕೈ ಯಾವಾಗಲೂ ಏನನ್ನೋ ಕೇಳುತ್ತಿರುವಂತೆ ಚಾಚಿಕೊಂಡೇ ಉಳಿಯಿತು.

ನೂಲು ಬಿಚ್ಚುವವರಿಗೆ ಬೆರಳೇ ಕಣ್ಣು. ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಕಾಣದಷ್ಟು ಸಣ್ಣ ಎಳೆಯ ತುದಿ ಹಿಡಿದು ಎತ್ತಬೇಕು. ಮಂಚಮ್ಮ ಆ ಕೆಲಸದಲ್ಲಿ ಹದಿನೈದು ವರ್ಷ ಪಳಗಿದವಳು. ಶೆಡ್ಡಿನ ಯಜಮಾನರು ಒಳ್ಳೆಯವರು, ತೆಗೆದುಹಾಕಲಿಲ್ಲ. ಎಡಗೈಯಲ್ಲಿ ಕೊಳೆತ ಗೂಡು ಆರಿಸುವ ಮೂಲೆಗೆ ಕೂರಿಸಿದರು. ಹೊಸದಾಗಿ ಸೇರಿದ ಹುಡುಗಿಯರು ಕೂರುವ ಜಾಗ ಅದು.

ಹರ್ಟ್ ಎಂಬ ಮಾತಿನ ಅರ್ಥ ಬಿಡಿಸಿ ಹೇಳಿದವಳು ಮಗಳು ಆಶಾರಾಣಿ. ಆಗ ಅವಳು ನರಸೀಪುರದಲ್ಲಿ ಪಿಯುಸಿ ಓದುತ್ತಿದ್ದಳು. ವಕೀಲರ ಕಚೇರಿಯಲ್ಲಿ ಕೇಳಿಕೊಂಡು ಬಂದದ್ದನ್ನು ಒಲೆಯ ಮುಂದೆ ಕೂತು ಅವ್ವನಿಗೆ ಹೇಳಿದಳು. ಮೈಗೆ ನೋವಾದರೆ ಹರ್ಟ್. ಗುದ್ದು, ತರಚು, ಊತ ಇವೆಲ್ಲ ಸಿಂಪಲ್. ಕಣ್ಣು ಹೋದರೆ, ಕಿವಿ ಹೋದರೆ, ಮೂಳೆ ಮುರಿದರೆ, ಒಂದು ಹಲ್ಲು ಬಿದ್ದರೂ ಸಾಕು, ಗ್ರೀವಿಯಸ್.

"ಅಲ್ಲಾ ಕಣೆ, ಅಲ್ಲೂ ಮೂಳೆನೂ ಒಂದೇಯಾ?" ಎಂದಳು ಮಂಚಮ್ಮ.

"ಕಾನೂನಲ್ಲಿ ಒಂದೇ ಕಣವ್ವ."

"ಅಂಗಾರೆ ನಿಮ್ಮಜ್ಜಿಗೆ ಬಾಯ್ತುಂಬ ಗ್ರೀವೀಸು."

ಇಬ್ಬರೂ ನಕ್ಕರು. ಏಟು ಬಿದ್ದ ಮೇಲೆ ಆ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ಆಶಾರಾಣಿ ಒಲೆಯ ಕಡೆ ನೋಡುತ್ತಾ, "ಮಹೇಂದ್ರಣ್ಣಂಗೂ ಹರ್ಟ್ ಆಗಿತ್ತು ಕಣವ್ವ ಅವತ್ತು" ಎಂದಳು.

"ಅವ್ನಿಗೆಲ್ಲಿಗೆ ಆಗಿತ್ತೇ?"

"ಮನ್ಸಿಗೆ. ಅದನ್ನೂ ಹಂಗೇ ಅಂತಾರೆ. ಕಾಲೇಜಲ್ಲಿ ಎಲ್ರೂ ಅಂತಾರೆ, ನಂಗೆ ಹರ್ಟ್ ಆಯ್ತು, ಹರ್ಟ್ ಮಾಡ್ಬೇಡ ಅಂತ."

"ಅದ್ಕೇನು ಕೇಸು?"

"ಅದ್ಕೆ ಕೇಸಿಲ್ಲ."

ಅಡುಗೆಮನೆಯ ಆಚೆ ಜಗಲಿಯ ಮೇಲೆ ಚೆಲುವಯ್ಯ ಬೀಡಿ ಸೇದುತ್ತಾ ಕೂತಿದ್ದ. ಅವನಿಗೆ ಎಲ್ಲವೂ ಕೇಳಿಸುತ್ತಿತ್ತು. ಆ ದಿನದ ಮೇಲೆ ಅವನು ಹೆಂಡತಿಗೆ ತಲೆ ಬಾಚುವುದನ್ನೂ ಕಲಿತಿದ್ದ, ಮುದ್ದೆ ತಿರುವುವುದನ್ನೂ ಕಲಿತಿದ್ದ. ಆಡಿದ ಆ ಮಾತಿನ ವಿಚಾರ ಮಾತ್ರ ಎತ್ತಿರಲಿಲ್ಲ.

ಪಟ್ಟಿ ಬಿಚ್ಚುವ ಮೊದಲೇ ಬೀದಿಯಲ್ಲಿ ನ್ಯಾಯ ಸೇರಿತು. ಯಜಮಾನ ಹುಚ್ಚಯ್ಯ. ಆ ಬೀದಿಯಲ್ಲಿ ಹೊಡೆದಾಟದ ನ್ಯಾಯಕ್ಕೆ ಒಂದು ಕ್ರಮವಿದೆ. ತಪ್ಪು ಮಾಡಿದವನು ಎದ್ದು ನಿಂತು, ತಾನು ಯಾರಿಗೆ ಏನು ಮಾಡಿದೆ ಎಂದು ತನ್ನ ಬಾಯಿಂದಲೇ ಹೇಳಬೇಕು. ಏಟು ತಿಂದವರು ‘ಕೇಳಿಸ್ಕಂಡೆ’ ಎನ್ನಬೇಕು. ಆಮೇಲೆ ಯಜಮಾನ ವೀಳ್ಯ ಎತ್ತಿ ಕೊಡುತ್ತಾನೆ, ಏಟು ತಿಂದವರು ಬಲಗೈ ಚಾಚಿ ತೆಗೆದುಕೊಳ್ಳುತ್ತಾರೆ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರೆ ಅಲ್ಲಿಗೆ ಮುಗಿಯಿತು, ಮತ್ತೆ ಯಾರೂ ಆ ಮಾತು ಎತ್ತುವ ಹಾಗಿಲ್ಲ. ಮಂಚಮ್ಮನಿಗೆ ಈ ಕ್ರಮ ಚೆನ್ನಾಗಿ ಗೊತ್ತಿತ್ತು. ತವರಿನಲ್ಲೂ ಇದೇ ಇತ್ತು. ಹುಡುಗ ಎದ್ದು ನಿಲ್ಲುತ್ತಾನೆ, ಚಿಕ್ಕವ್ವನಿಗೆ ಮಚ್ಚಲ್ಲಿ ಹೊಡೆದೆ ಎನ್ನುತ್ತಾನೆ, ನಾನು ಕೇಳಿಸಿಕೊಂಡೆ ಎನ್ನುತ್ತೇನೆ ಎಂದುಕೊಂಡೇ ಬಂದು ಕೂತಿದ್ದಳು. ಗಂಡನನ್ನೂ ಎಬ್ಬಿಸಿ, ಹುಡುಗನ ತಾಯಿಯ ಬಗ್ಗೆ ಆಡಿದ ಮಾತನ್ನು ಅವನ ಬಾಯಿಂದಲೇ ಹೇಳಿಸಬೇಕೆಂದು ಹುಚ್ಚಯ್ಯನಿಗೆ ಮೊದಲೇ ಹೇಳಿದ್ದಳು.

ಜಾಮೀನಿನ ಮೇಲೆ ಬಂದಿದ್ದ ಮಹೇಂದ್ರ ಎದ್ದು ನಿಂತ. ಅಷ್ಟರಲ್ಲಿ ಬೆಟ್ಟಸ್ವಾಮಿ ಅಡ್ಡ ಬಂದ. ನರಸೀಪುರದ ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿದ್ದ ಈತ ಅದೇ ಬೀದಿಯವನು.

"ಯಜಮಾನ್ರೇ, ಅವನ್ ಬಾಯಲ್ಲಿ ಏಳುಸ್ಬೇಡಿ. ಇಲ್ಲಿ ಒಡುದೆ ಅಂದ ಅನ್ನಿ, ನೀವೆಲ್ಲ ಸಾಕ್ಷಿ ಆಗೋಯ್ತೀರಿ. ನಾಳೆ ಪೊಲೀಸ್ನೋರು ಬಂದು, ಹುಚ್ಚಯ್ಯ, ನಿನ್ ಮುಂದೆ ಏನಂದ ಅಂತ ಕೇಳುದ್ರೆ?"

ಹಿರಿಯರು ಮುಖ ಮುಖ ನೋಡಿಕೊಂಡರು. ಹುಚ್ಚಯ್ಯ ಗಂಟಲು ಸರಿಮಾಡಿಕೊಂಡ.

"ಆದದ್ದು ಎಲ್ರಿಗೂ ಗೊತ್ತೈತೆ. ಗೊತ್ತಿರೋದ್ನ ಯಾಕ್ ಏಳುಸ್ಬೇಕು? ಚೆಲುವಯ್ಯನೂ ಬ್ಯಾಡ, ಮಹೇಂದ್ರನೂ ಬ್ಯಾಡ. ವೀಳ್ಯ ತತ್ತಾ."

ವೀಳ್ಯ ಮಂಚಮ್ಮನ ಮುಂದೆ ಬಂತು. ಬಲಗೈ ಪಟ್ಟಿಯೊಳಗಿತ್ತು. ಎಡಗೈಯಲ್ಲಿ ಯಾರೂ ವೀಳ್ಯ ಕೊಡುವುದಿಲ್ಲ, ಯಾರೂ ತೆಗೆದುಕೊಳ್ಳುವುದಿಲ್ಲ. ಹುಚ್ಚಯ್ಯ ತಟ್ಟೆ ಹಿಡಿದು ಒಂದಿಷ್ಟು ಹೊತ್ತು ನಿಂತ. ಕಡೆಗೆ ಚೆಲುವಯ್ಯ ಕೈ ಚಾಚಿ, "ನಾನ್ ತಗೊಂಡ್ರೂ ಒಂದೇಯ, ಅವ್ಳು ತಗೊಂಡ್ರೂ ಒಂದೇಯ" ಎಂದು ಎತ್ತಿಕೊಂಡ. ನ್ಯಾಯ ಮುಗಿಯಿತೆಂದು ಜನ ಎದ್ದರು. ಮಹೇಂದ್ರ ಬಂದು ಚಿಕ್ಕವ್ವನ ಕಾಲು ಮುಟ್ಟಿದ. ಏನೂ ಹೇಳಲಿಲ್ಲ.

"ನಾನ್ ತಗೊಳ್ನಿಲ್ಲ" ಎಂದಳು ಮಂಚಮ್ಮ. ಪಕ್ಕದಲ್ಲಿದ್ದ ಆಶಾರಾಣಿಗೆ ಮಾತ್ರ ಕೇಳಿಸಿತು.

ಕೇಸು ನರಸೀಪುರದ ಕೋರ್ಟಿಗೆ ಬಂದಿತ್ತು. ಕ್ರಿಮಿನಲ್ ಕೇಸು ಇರುವವನಿಗೆ ಸರ್ಕಾರಿ ಕೆಲಸದ ಆದೇಶ ಕೊಡುವ ಹಾಗಿರಲಿಲ್ಲ. ಹೆಣ್ಣಿನ ಕಡೆಯವರು ಕಾಯುತ್ತೇವೆ ಎಂದರು, ಆದರೆ ಎಷ್ಟು ಕಾಲವೆಂದು ಹೇಳಲಿಲ್ಲ. ಸಾಕ್ಷಿ ಹೇಳುವ ದಿನ ಹತ್ತಿರವಾದಾಗ ಬೆಟ್ಟಸ್ವಾಮಿ ಮಂಚಮ್ಮನ ಜಗಲಿಗೆ ಬಂದು ಕೂತ.

"ಅವ್ವಾ, ಕತೆ ಇಷ್ಟೇಯ. ಸೊಪ್ಪು ಕೊಯ್ಯಾಕೆ ತೋಟಕ್ಕೆ ಓಗಿದ್ದೆ. ಬದಿನ ಮೇಲೆ ಕಾಲು ಜಾರ್ತು. ಮಚ್ಚಿನ ಮೇಲೆ ಕೈ ಊರ್ಕಂಡೆ. ಯಾರೂ ಒಡೀನಿಲ್ಲ. ಈಗ ನಾನು ಸರ್ಕಾರಿ ವಕೀಲ. ಕೇಳ್ತೀನಿ, ಏಳು. ಮಹೇಂದ್ರ ಮಚ್ಚಲ್ಲಿ ಒಡುದ ಅಂದ್ರೆ ಸರಿಯಾ?"

"ಸರಿ."

"ಅಯ್ಯೋ ಅವ್ವಾ! ಸರಿ ಅಲ್ಲ ಅನ್ಬೇಕು. ಅವ್ರು ಏನೇ ಕೇಳ್ಲಿ, ಸರಿ ಅಲ್ಲ, ಅಷ್ಟೇ. ಇನ್ನೊಂದ್ಸಾರಿ. ನಿಮ್ಮನೇಲಿ ಜಗಳ ಆಯ್ತು ಅಂದ್ರೆ ಸರಿಯಾ?"

"ಸರಿ ಅಲ್ಲ. ದಿನಾ ಆಯ್ತದೆ."

ಎದುರು ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಬೆಟ್ಟಸ್ವಾಮಿ ತಲೆ ಚಚ್ಚಿಕೊಂಡ. ಮಂಚಮ್ಮ ನಗಲಿಲ್ಲ.

"ಬೆಟ್ಟಸ್ವಾಮಿ, ಒಡುದ, ನಾನ್ ಬುಟ್ಬುಟ್ಟೆ ಅಂದ್ರೆ ಆಗಕಿಲ್ವಾ? ಅದೇ ಅಲ್ವಾ ನಿಜ?"

"ಸಿಂಪಲ್ ಆಗಿದ್ರೆ ಆಗೋದು ಕಣವ್ವ. ಜಡ್ಜ್ ಮುಂದೆ ನಿಂತ್ಕಂಡು ಇಬ್ರೂ ಒಂದಾಗಿವ್ವಿ ಸ್ವಾಮಿ ಅಂದ್ರೆ ಮುಗ್ದೋಗೋದು. ನಿಂದು ಗ್ರೀವಿಯಸ್ಸು. ಮೇಲೆ ಮಚ್ಚು ಬೇರೆ. ನೀನು ಬುಟ್ರೂ ಸರ್ಕಾರ ಬುಡಕಿಲ್ಲ. ಒಡುದ ಅಂದ್ಯೋ, ಒಳಕ್ಕೋದ. ಬಿದ್ದೆ ಅಂದ್ಯೋ, ಬಸ್ಸತ್ತುದ. ಮಧ್ಯಕ್ಕೆ ಇನ್ನೇನೂ ಇಲ್ಲ."

ಮಂಚಮ್ಮ ತನ್ನ ಕೈ ನೋಡಿಕೊಂಡಳು. ಹುಡುಗ ಜೈಲಿಗೆ ಹೋಗುವುದು ಆಕೆಗೆ ಯಾವತ್ತೂ ಬೇಕಿರಲಿಲ್ಲ. ಬೇಕಿದ್ದದ್ದು, ಬೀದಿಯ ನ್ಯಾಯದಲ್ಲಿ ಬೆಟ್ಟಸ್ವಾಮಿ ಅಡ್ಡ ಬಂದು ನಿಲ್ಲಿಸಿದ ಆ ಒಂದು ಮಾತು.

"ಏಳ್ತೀನಿ. ಮೊದ್ಲು ಅವ್ನು ಬಂದು ನಂಗೆ ಏಳ್ಲಿ. ಯಾರೂ ಇರೋದ್ ಬ್ಯಾಡ. ನಂಗೊಬ್ಳಿಗೆ ಏಳ್ಲಿ."

ಬೆಟ್ಟಸ್ವಾಮಿ ಹೋಗಿ ಕೇಳಿ ಬಂದ. ಮಹೇಂದ್ರ ಆಗ ಹಾಸ್ಟೆಲಿನ ಗೆಳೆಯರ ಕೋಣೆಯಲ್ಲಿದ್ದ. ಕೇಸು ಮುಗಿಯುವ ತನಕ ಚಿಕ್ಕವ್ವನ ಜೊತೆ ಆ ವಿಚಾರ ಆಡಬೇಡ ಎಂದು ವಕೀಲರು ಕಟ್ಟಪ್ಪಣೆ ಮಾಡಿದ್ದರು. "ಕೋರ್ಟ್ ಮುಗೀಲಿ. ಆಮ್ಯಾಕೆ ಏಳ್ತೀನಿ ಅಂತ ಚಿಕ್ಕವ್ವಂಗೆ ಏಳು" ಎಂದು ಹೇಳಿ ಕಳಿಸಿದ. ಮಂಚಮ್ಮ ಒಪ್ಪಿದಳು. ಸಣ್ಣವನಿದ್ದಾಗಲೂ ಅವನು ಹೀಗೆಯೇ, ಬೈಗುಳ ತಪ್ಪಿಸಿಕೊಳ್ಳಲು ಆಮೇಲೆ ಎನ್ನುತ್ತಿದ್ದ. ಆದರೆ ಆಮೇಲೆ ಹೇಳುತ್ತಿದ್ದ.

1998ರ ಚಳಿಗಾಲದ ಒಂದು ಬೆಳಿಗ್ಗೆ ಬೆಂಚ್ ಕ್ಲರ್ಕು ಹೆಸರು ಕೂಗಿದ. ಮೊದಲು ಚೆಲುವಯ್ಯ. ಕಟಕಟೆ ಹತ್ತಿದವನು, ಅವತ್ತು ಮನೆಯಲ್ಲಿ ಯಾವ ಜಗಳವೂ ಆಗಲಿಲ್ಲ, ತಾನು ಯಾರಿಗೂ ಯಾವ ಮಾತೂ ಅನ್ನಲಿಲ್ಲ ಎಂದ. ಇಷ್ಟು ಸಲೀಸಾಗಿ ಗಂಡ ಮಾತಾಡಿದ್ದನ್ನು ಮಂಚಮ್ಮ ಆ ಎರಡು ವರ್ಷದಲ್ಲಿ ಕಂಡಿರಲಿಲ್ಲ. ಆರೋಪಿಯ ಜಾಗದಲ್ಲಿ ನಿಂತಿದ್ದ ಮಹೇಂದ್ರ ಚಿಕ್ಕಪ್ಪನ ಮುಖವನ್ನೇ ನೋಡುತ್ತಿದ್ದ.

ಆಮೇಲೆ ಆಕೆಯ ಸರದಿ. ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿಸಿದರು. ಸೊಪ್ಪು, ಬದು, ಕಾಲು ಜಾರಿದ್ದು, ಮಚ್ಚು. ಬೆಟ್ಟಸ್ವಾಮಿ ಕಲಿಸಿದ್ದನ್ನು ಒಂದೂ ತಪ್ಪದೆ ಹೇಳಿದಳು. ಸಾಕ್ಷಿ ತಿರುಗಿಬಿದ್ದಿದ್ದಾಳೆಂದು ಸರ್ಕಾರಿ ವಕೀಲರು ನ್ಯಾಯಾಧೀಶರ ಅನುಮತಿ ಪಡೆದು ಅಡ್ಡ ಪ್ರಶ್ನೆಗೆ ಎದ್ದರು. ವಯಸ್ಸಾದ ಮನುಷ್ಯ. ಇಂಥ ಸಾಕ್ಷಿಗಳನ್ನು ಬೇಕಾದಷ್ಟು ಕಂಡವರು. ಪೊಲೀಸರು ಬರೆದುಕೊಂಡಿದ್ದ ಹೇಳಿಕೆ ಕೈಯಲ್ಲಿ ಹಿಡಿದು, ಕನ್ನಡಕದ ಮೇಲಿಂದ ನೋಡುತ್ತಾ, ಒಂದೇ ದನಿಯಲ್ಲಿ ಹೇಳಿದರು:

"ಆ ದಿನ ಬಾಗಿಲಿನ ವಿಚಾರಕ್ಕೆ ಜಗಳವಾಗಿ, ನಿಮ್ಮ ಯಜಮಾನರು ಆರೋಪಿಯ ತಾಯಿಯ ಬಗ್ಗೆ ಕೆಟ್ಟದಾಗಿ ಮಾತಾಡಿದ್ದರಿಂದ, ಆರೋಪಿ ಮಹೇಂದ್ರನು ಮಚ್ಚಿನಿಂದ ಹೊಡೆದಾಗ, ನೀವು ಅಡ್ಡ ಬಂದು, ನಿಮ್ಮ ಬಲಗೈಯ ಮೂಳೆ ಮುರಿಯಿತು ಅಂದ್ರೆ ಸರಿಯೇ?"

ಮಂಚಮ್ಮ ಕಟಕಟೆಯ ಮರದ ಮೇಲೆ ಎಡಗೈ ಊರಿದಳು. ಎರಡು ವರ್ಷದಿಂದ ಕಾದಿದ್ದ ಮಾತು ಅದು. ಬೀದಿಯ ನ್ಯಾಯದಲ್ಲಿ ಬರಲಿಲ್ಲ, ಗಂಡನ ಬಾಯಿಂದ ಬರಲಿಲ್ಲ, ಮಗನ ಬಾಯಿಂದ ಬರಲಿಲ್ಲ. ಈಗ ಹೆಸರೂ ಗೊತ್ತಿಲ್ಲದ ಕರಿಕೋಟಿನ ಮನುಷ್ಯ ಬಾಗಿಲಿನಿಂದ ಹಿಡಿದು ಮೂಳೆಯವರೆಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ, ಎಲ್ಲರಿಗೂ ಕೇಳುವಂತೆ ಹೇಳಿದ್ದರು. ‘ಕೇಳಿಸ್ಕಂಡೆ’ ಎಂಬ ಮಾತು ಬಾಯಿ ತನಕ ಬಂತು.

"ಹೇಳಮ್ಮ" ಎಂದರು ನ್ಯಾಯಾಧೀಶರು.

ಮಂಚಮ್ಮ ಮಹೇಂದ್ರನ ಕಡೆ ತಿರುಗಿದಳು. ಅವನು ತಲೆ ತಗ್ಗಿಸಿದ್ದ.

"ಸರಿ ಅಲ್ಲ ಸ್ವಾಮಿ."

ಟೈಪು ಮಾಡುವವನ ಬೆರಳುಗಳು ಪಟಪಟನೆ ಆಡಿದವು. ಮಂಚಮ್ಮ ಇಳಿದು ಬರುವಾಗ ಹೆಬ್ಬೆಟ್ಟು ಕೇಳಿದರು. ಅದೊಂದು ಮಡಚಿಕೊಳ್ಳುತ್ತಿತ್ತು, ಒತ್ತಿದಳು.

ಹೊರಗೆ ಮರದ ನೆರಳಲ್ಲಿ ಊರಿನವರು ಸೇರಿದ್ದರು. ಬೆಟ್ಟಸ್ವಾಮಿಗೆ ಖುಷಿಯೋ ಖುಷಿ. ತೀರ್ಪಿಗೆ ಇನ್ನು ಕಾಯುವಂಥದ್ದೇನೂ ಇಲ್ಲ, ಕೇಸು ಬಿದ್ದುಹೋದ ಹಾಗೆಯೇ ಎಂದ. ಮಹೇಂದ್ರ ಎದುರಿನ ಹೋಟೆಲಿನಿಂದ ಎರಡು ಲೋಟ ಕಾಫಿ ತಂದು, ಒಂದನ್ನು ಚಿಕ್ಕವ್ವನ ಎಡಗೈಗೆ ಕೊಟ್ಟ. ಆಶಾರಾಣಿ ಉಳಿದವರನ್ನು ಅತ್ತ ಕರೆದುಕೊಂಡು ಹೋದಳು. ಅವ್ವ ಏನಕ್ಕೆ ಕಾಯುತ್ತಿದ್ದಾಳೆಂದು ಅವಳಿಗೆ ಗೊತ್ತಿತ್ತು.

"ಕುಡಿ ಚಿಕ್ಕವ್ವ, ಆರೋಯ್ತದೆ."

"ಕೋರ್ಟ್ ಮುಗೀತಲ್ಲ. ಏಳು."

ಮಹೇಂದ್ರ ಲೋಟದೊಳಗೆ ನೋಡಿದ. "ಏನ್ ಏಳ್ಲಿ ಚಿಕ್ಕವ್ವ? ಚಿಕ್ಕಪ್ಪ ಒಳಗೆ ನಿಂತ್ಕಂಡು ನಾನು ಯಾವ ಮಾತೂ ಅನ್ನಿಲ್ಲ ಅಂದ. ನೀನು ಬಿದ್ದೆ ಅಂದೆ. ಇನ್ ನಾನ್ ಏಳಕೆ ಏನುಳೀತು?"

"ನಿನ್ಗೋಸ್ಕರ ಅಲ್ವಾ ಅಂದಿದ್ದು?"

"ನೀನು ನನ್ಗೋಸ್ಕರ ಅಂದೆ. ಅವ್ನು?"

ಮಹೇಂದ್ರನ ದನಿಯಲ್ಲಿ ಸಿಟ್ಟಿರಲಿಲ್ಲ. ಬಿಟ್ಟುಹೋದವಳ ಮಗುವಿಗೆ ಒಂದು ವಯಸ್ಸಿನಲ್ಲಿ ಬರುವ ಮೊಂಡುತನವೊಂದಿತ್ತಲ್ಲ, ಊಟ ಬೇಡ ಎಂದು ಗೋಡೆಗೆ ಮುಖ ಹಾಕಿ ಕೂರುತ್ತಿದ್ದನಲ್ಲ, ಅದೇ ದನಿ. ಆಗ ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡರೆ ಸರಿಹೋಗುತ್ತಿತ್ತು. ಆಕೆ ಕಾಫಿ ಕುಡಿಯದೆ ಲೋಟ ಕೆಳಗಿಟ್ಟಳು.

ಕೇಸು ಬಿದ್ದಿತು. ಮಹೇಂದ್ರನಿಗೆ ಆದೇಶ ಬಂತು, ಮದುವೆಯಾಯಿತು. ನರಸೀಪುರದಲ್ಲಿ ಬಾಡಿಗೆ ಮನೆ ಹಿಡಿದ. ಗೋಡೆಯ ತೂತನ್ನು ಚೆಲುವಯ್ಯ ಹಸಿ ಇಟ್ಟಿಗೆಯಿಂದ ಮುಚ್ಚಿದ. ಸುಣ್ಣ ಎಷ್ಟು ಬಳಿದರೂ ಬಾಗಿಲಿನ ಆಕಾರ ಮಾತ್ರ ಹಾಗೇ ಕಾಣುತ್ತದೆ. ಚೌಕಟ್ಟು ಕೊಟ್ಟಿಗೆಯಲ್ಲಿದೆ, ಕೋಳಿಗಳು ಅದರ ಮೇಲೆ ಕೂರುತ್ತವೆ.

ಚೆಲುವಯ್ಯ 2003ರಲ್ಲಿ ತೀರಿಕೊಂಡ. ಗಂಡು ಮಕ್ಕಳಿರಲಿಲ್ಲ. ಮಹೇಂದ್ರ ಬಂದ, ತಲೆ ಬೋಳಿಸಿಕೊಂಡ, ಹೆಣಕ್ಕೆ ಹೆಗಲು ಕೊಟ್ಟ, ಮಗ ಮಾಡಬೇಕಾದದ್ದನ್ನೆಲ್ಲ ಮಾಡಿದ. ಸಾಯುವ ಮೊದಲ ವಾರ ಚೆಲುವಯ್ಯ ಎರಡು ಸಲ, "ಮಹೇಂದ್ರ ಬಂದಿದ್ನಾ?" ಎಂದು ಕೇಳಿದ್ದ. ಯಾಕೆ ಎಂದರೆ, "ಸುಮ್ನೆ" ಎಂದಿದ್ದ. ಇದನ್ನು ಮಂಚಮ್ಮ ಮಹೇಂದ್ರನಿಗೆ ಹೇಳಬೇಕೆಂದುಕೊಂಡಳು, ಹೇಳಲಿಲ್ಲ. ಆ ‘ಸುಮ್ನೆ’ಯನ್ನು ಅವನು ಯಾವ ಲೆಕ್ಕಕ್ಕೆ ಹಿಡಿಯುತ್ತಾನೋ ಆಕೆಗೆ ಗೊತ್ತಿರಲಿಲ್ಲ. ತಿ‍ಥಿಯ ದಿನ ಹುಚ್ಚಯ್ಯ ಎಲ್ಲರಿಗೂ ವೀಳ್ಯ ಕೊಡುತ್ತಾ ಬಂದ. ತಿಥಿ ಮಾಡಿದ ಮಹೇಂದ್ರನ ಹೆಸರು ಹೇಳಿ ನೀಡಿದ ವೀಳ್ಯಕ್ಕೆ ಮಂಚಮ್ಮ ಕೈ ಚಾಚಲಿಲ್ಲ. ಕೈ ಸರಿಯಿಲ್ಲ, ಪಾಪ, ಎಂದು ಜನ ಅಂದುಕೊಂಡರು.

ಆಶಾರಾಣಿಯನ್ನು ಹದಿನಾರು ಎಂಬ ಊರಿಗೆ ಕೊಟ್ಟಿದ್ದಾರೆ. ಅಲ್ಲಿ ಅಂಗನವಾಡಿ ಟೀಚರು. ಮಂಚಮ್ಮ ಮಗಳ ಮನೆಗೆ ಹೋಗುವಾಗ ನರಸೀಪುರದಲ್ಲಿ ನಂಜನಗೂಡಿನ ಕಡೆಯ ಬಸ್ಸು ಹತ್ತುತ್ತಾಳೆ. ಹಲವು ಸಲ ಆ ಬಸ್ಸಿನ ಕಂಡಕ್ಟರ್ ಮಹೇಂದ್ರನೇ ಆಗಿರುತ್ತಾನೆ. ಮೊದಮೊದಲು ಅವನು, "ಚಿಕ್ಕವ್ವಂದು ನಾನ್ ಆಕ್ತೀನಿ" ಎಂದು ಮುಂದೆ ಹೋಗುತ್ತಿದ್ದ. ಆಕೆ ಬಿಡಲಿಲ್ಲ. ಎಡಗೈಯಲ್ಲಿ ದುಡ್ಡು ಕೊಟ್ಟು, ಟಿಕೆಟ್ಟಿಗೆ ಬಲಗೈ ಚಾಚುತ್ತಾಳೆ. ಆ ಕೈಯಲ್ಲಿ ಇಟ್ಟದ್ದು ನಿಲ್ಲುವುದಿಲ್ಲ. ಬಸ್ಸು ಕುಲುಕಿದರೆ ಚೀಟಿ ಕೆಳಗೆ ಬೀಳುತ್ತದೆ. ಆದ್ದರಿಂದ ಮಹೇಂದ್ರ ಟಿಕೆಟ್ಟನ್ನು ಆ ಅಂಗೈಯ ಮೇಲೆ, ಅಡ್ಡ ಹೊಲಿಗೆಯ ಗುರುತಿನ ಮೇಲೆ ಇಟ್ಟು, ನಾಲ್ಕು ಬೆರಳುಗಳನ್ನೂ ತಾನೇ ಒಂದೊಂದಾಗಿ ಮಡಿಸಿ, ಹೆಬ್ಬೆರಳಿನ ಕೆಳಗೆ ಸಿಕ್ಕಿಸಬೇಕು. ಎಷ್ಟೇ ನೂಕುನುಗ್ಗಲಿದ್ದರೂ ಅಷ್ಟು ಹೊತ್ತು ಅವನು ಅಲ್ಲಿ ನಿಲ್ಲಬೇಕು. ಒಂದು ಸಲ ಟಿಕೆಟ್ಟನ್ನು ಆಕೆಯ ಮಡಿಲಿಗೆ ಹಾಕಿ ಹೋಗಲು ನೋಡಿದ. ಸುತ್ತೂರು ಬರುವ ತನಕ ಆಕೆ ಕೈ ಚಾಚಿಕೊಂಡೇ ಕೂತಿದ್ದಳು. ತಿರುಗಿ ಬಂದ.

ಕಳೆದ ಮಳೆಗಾಲದಲ್ಲಿ ಆಕೆಯ ಪಕ್ಕದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಕೂತಿದ್ದಳು. ಕಂಡಕ್ಟರ್ ಒಬ್ಬ ಮುದುಕಿಯ ಬೆರಳು ಮಡಿಸುತ್ತಾ ನಿಂತದ್ದನ್ನು ನೋಡಿ ಅವಳಿಗೆ ಕುತೂಹಲವಾಯಿತು.

"ಅಜ್ಜಿ, ಕೈಗೇನಾಯ್ತು?"

ಇಷ್ಟು ವರ್ಷ ಯಾರು ಕೇಳಿದರೂ ಮಂಚಮ್ಮ ಕೊಡುತ್ತಿದ್ದ ಉತ್ತರ ಒಂದೇ. ಸೊಪ್ಪು, ಬದು, ಕಾಲು ಜಾರಿದ್ದು. ಪ್ರಮಾಣ ಮಾಡಿ ಹೇಳಿದ ಮೇಲೆ ಬದಲಿಸುವುದು ಹೇಗೆ? ಅವತ್ತು ಮಾತ್ರ ಆಕೆ ಆ ಕತೆ ಹೇಳಲಿಲ್ಲ. ಮಹೇಂದ್ರನ ಮುಖ ನೋಡಿದಳು. ಅವನ ಕೈಯಲ್ಲಿ ಆಕೆಯ ಕಿರುಬೆರಳಿತ್ತು.

"ಕಂಡಕ್ಟರ್ನ ಕೇಳವ್ವ. ಅವ್ನಿಗೆ ಗೊತ್ತು."

ಹುಡುಗಿ ಕತ್ತೆತ್ತಿದಳು. ಹಿಂದಿನ ಸೀಟಿನವರು ಚಿಲ್ಲರೆ ಎಂದು ಕೂಗುತ್ತಿದ್ದರು. ಮಹೇಂದ್ರ ಕಿರುಬೆರಳನ್ನು ಮಡಿಸಿದ, ಹೆಬ್ಬೆರಳನ್ನು ಮೇಲೆ ತಂದ, ಒಮ್ಮೆ ಒತ್ತಿ ಹಿಡಿದ.

"ಮಚ್ಚೇಟು" ಎಂದ.

"ಅಯ್ಯೋ! ಯಾರು ಹೊಡೆದ್ರು?"

ಅವನು ಆಗಲೇ ತಿರುಗಿದ್ದ. ಸೀಟಿ ಊದಿ, "ಮುಂದಕ್ ಓಗಿ, ಮುಂದಕ್ ಓಗಿ, ಬಾಗ್ಲತ್ರ ನಿಲ್ಬೇಡಿ" ಎನ್ನುತ್ತಾ ಜನರ ನಡುವೆ ಹೊರಟುಹೋದ.

ಹದಿನಾರಿನಲ್ಲಿ ಆಶಾರಾಣಿ ಅವ್ವನ ಕೈಯ ಚೀಲ ತೆಗೆದುಕೊಂಡು ಒಳಗೆ ಕರೆದಳು. ಮಂಚಮ್ಮ ಜಗಲಿಯ ಮೇಲೆಯೇ ಕೂತಳು. ಬಲಗೈಯೊಳಗೆ ಟಿಕೆಟ್ಟು ಇನ್ನೂ ಹಾಗೇ ಇತ್ತು.

"ಬಿದ್ದೆ ಅನ್ನಿಲ್ಲ ಕಣೆ ಅವ್ನು. ಏಟು ಅಂದ" ಎಂದಳು.

"ಯಾರ್ ಒಡುದಿದ್ದು ಅಂತ?"

"ಅದಿನ್ನೂ ಏಳ್ನಿಲ್ಲ."

ಆಶಾರಾಣಿ ನೀರು ತಂದಳು. ಮಂಚಮ್ಮ ಎಡಗೈಯಲ್ಲಿ ಒಂದೊಂದೇ ಬೆರಳು ಬಿಡಿಸಿ ಟಿಕೆಟ್ಟು ತೆಗೆದಳು. ನಾಳಿದ್ದು ತಿರುಗಿ ಹೋಗುವಾಗ ಅದೇ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳಿದಳು.